ನಡುವೆ ಒಂದು ಸಂಪು

ಹಳೆಯ ಕನ್ನಡ ಬರಹಗಳಿದ್ದ ಒಂದು ದೊಡ್ಡ ಫೈಲನ್ನು ಬೇರೆ ರೂಪಕ್ಕೆ ತರಲು ಪುಟ್ಟ ಪೈಥಾನ್ ಪ್ರೋಗ್ರಾಮ್ ಬರೆದಿದ್ದೆ. 4096 ಬೈಟ್‌ಗಳ ಒಂದು ತುಂಡು ಓದು, ಅದನ್ನು ಅಕ್ಷರವಾಗಿಸು, ಮುಂದಕ್ಕೆ ಕಳಿಸು, ಮತ್ತೊಂದು ತುಂಡು ಓದು. ಅಷ್ಟೇ ಕೆಲಸ. ಮೊದಲು ಇಂಗ್ಲಿಷ್ ಫೈಲ್ ಕೊಟ್ಟು ನೋಡಿದ್ದೆ, ನೀಟಾಗಿ ಓಡಿತ್ತು. ಆಮೇಲೆ ಕನ್ನಡದ್ದು ಕೊಟ್ಟೆ. ಮೊದಲ ಪುಟ ಸರಿಯಾಗಿತ್ತು. ಸ್ವಲ್ಪ ಕೆಳಗೆ ಬಂದರೆ ಒಂದು ಪದದ ನಡುವೆ ಕಪ್ಪು ಡೈಮಂಡ್, ಅದರೊಳಗೆ ಪ್ರಶ್ನೆ ಚಿಹ್ನೆ. ಇನ್ನಷ್ಟು ಕೆಳಗೆ ಮತ್ತೆ ಅದೇ. ಮೂಲ ಫೈಲ್ ತೆರೆದರೆ ಅಲ್ಲಿ ಪದ ಸರಿಯಾಗೇ ಇದೆ. ಫಾಂಟ್ ತೊಂದರೆ ಅಂದುಕೊಂಡು ಒಂದು ಸಂಜೆ ಪೂರ್ತಿ ಕಳೆದೆ.

ತಪ್ಪು ಫಾಂಟಿನದಲ್ಲ, ನನ್ನದೇ. ಅದು ಹೇಗೆ ಅಂತ ಹೇಳುವ ಮೊದಲು, ಪ್ರೋಗ್ರಾಮುಗಳು ಮಾಹಿತಿಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಎರಡು ರೀತಿಗಳ ಬಗ್ಗೆ ಹೇಳಬೇಕು.

ಮೊದಲನೆಯದು ಇಟರೇಟರ್. ‘ಮುಂದಿನದು ಕೊಡು’ ಅಂದರೆ ಒಂದನ್ನು ಕೊಡುತ್ತದೆ. ಮತ್ತೆ ಕೇಳಿದರೆ ಮತ್ತೊಂದು. ಆ ಒಂದು ಅನ್ನುವುದು ಒಂದು ಸಾಲಿರಬಹುದು, ಎರಡು ಎಂಬಿಯ ತುಂಡಿರಬಹುದು. ಎಷ್ಟು ದೊಡ್ಡದು ಅನ್ನುವುದು ಕೊಡುವವರ ಇಷ್ಟ. ಎರಡನೆಯದು ಫೈಲ್, ಅಥವಾ ಫೈಲಿನ ಹಾಗೆ ನಡೆದುಕೊಳ್ಳುವ ಸ್ಟ್ರೀಮ್. ಇಲ್ಲಿ ಅಳತೆ ಹೇಳುವವರು ಕೇಳುವವರು. ‘ನೂರು ಬೈಟ್ ಕೊಡು’, ‘ಈಗ ಎಂಟೇ ಸಾಕು’.

ಬೆಂಗಳೂರಲ್ಲಿ ಮನೆ ಮಾಡಿದವರಿಗೆ ಇದು ಹೊಸ ವಿಷಯವೇ ಅಲ್ಲ. ಟ್ಯಾಂಕರ್‌ನವರಿಗೆ ಫೋನ್ ಮಾಡಿ ‘ಒಂದು ಚೊಂಬು ನೀರು ತಂದುಕೊಡಿ’ ಅಂದರೆ ತರುತ್ತಾರಾ? ಅವರ ಲೆಕ್ಕ ಲೋಡು. ಬಚ್ಚಲಲ್ಲಿ ನಮ್ಮ ಲೆಕ್ಕ ಚೊಂಬು, ಬಕೆಟ್ಟು. ಎರಡನ್ನೂ ಹೊಂದಿಸುವುದು ಗೇಟಿನ ಪಕ್ಕ ನೆಲದಡಿ ಇರುವ ಸಂಪು. ಇಟರೇಟರನ್ನು ಫೈಲಿನ ಹಾಗೆ ಮಾಡುವುದು ಅಂದರೆ ನಡುವೆ ಒಂದು ಸಂಪು ಕಟ್ಟುವುದು. ಪ್ರೋಗ್ರಾಮರ್‌ಗಳು ಅದನ್ನು ಬಫರ್ ಅನ್ನುತ್ತಾರೆ.

ಈ ಉಸಾಬರಿ ಯಾಕೆ ಬೇಕು? ಒಂದೊಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮ್, ಒಂದೊಂದು ಥರ ಕೇಳುತ್ತದೆ, ಅದಕ್ಕೆ. ಪೈಥಾನ್ ಜೊತೆಗೇ ಬರುವ, ಅಲ್ಪವಿರಾಮ ಹಾಕಿ ಬರೆದ ಕೋಷ್ಟಕಗಳನ್ನು ಓದುವ ಸಿಎಸ್‌ವಿ ರೀಡರ್‌ಗೆ ಸಾಲುಗಳನ್ನು ಒಂದೊಂದಾಗಿ ಕೊಡುವ ಯಾವುದಾದರೂ ಆದೀತು, ಫೈಲೇ ಆಗಬೇಕಿಲ್ಲ. ಜೇಸನ್ ಅನ್ನುವ ರೂಪದ ಮಾಹಿತಿ ಓದುವ, ಅದೇ ಪೈಥಾನಿನ ಜೇಸನ್ ಲೋಡ್‌ಗೆ ಮಾತ್ರ ‘ರೀಡ್’ ಅಂದರೆ ಓದಿಕೊಡುವ ವಸ್ತುವೇ ಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಲಕ್ಷಗಟ್ಟಲೆ ಸಾಲುಗಳನ್ನು ತುಂಬುವವರು ‘ಕಾಪಿ’ ಅನ್ನುವ ಆದೇಶ ಬಳಸುತ್ತಾರೆ, ಒಂದೊಂದೇ ಸಾಲು ಸೇರಿಸುವುದಕ್ಕಿಂತ ತುಂಬಾ ಬೇಗ ಆಗುತ್ತದೆ. ಪೈಥಾನಿನಿಂದ ಸೈಕೋಪಿಜಿ2 ಅನ್ನುವ ಲೈಬ್ರರಿಯ ಮೂಲಕ ಅದನ್ನು ಕರೆದರೆ, ಅದಕ್ಕೂ ಫೈಲಿನಂಥದ್ದೇ ಬೇಕು. ನಮ್ಮ ಕೈಯಲ್ಲಿರುವುದೋ ಒಂದೊಂದೇ ಸಾಲು ತಯಾರಿಸಿ ಕೊಡುವ ಇಟರೇಟರ್. ಎಲ್ಲವನ್ನೂ ಮೊದಲು ಡಿಸ್ಕಿಗೆ ಬರೆದು ಮತ್ತೆ ಓದಿಸಬಹುದು. ಹಾಗೆ ಮಾಡಿದರೆ ಅಷ್ಟು ಜಾಗ ಬೇಕು, ಎರಡು ಸಲ ಕೆಲಸ. ಎಲ್ಲವನ್ನೂ ಮೆಮೊರಿಯಲ್ಲಿ ಗುಡ್ಡೆ ಹಾಕಬಹುದು. ಸಾಲುಗಳು ಜಾಸ್ತಿಯಾದ ದಿನ ಕಂಪ್ಯೂಟರ್ ಏದುಸಿರು ಬಿಡುತ್ತದೆ.

ಸಂಪು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡೋಣ. ಸೈಕೋಪಿಜಿ2 ಒಂದು ಸಲಕ್ಕೆ 8192 ಬೈಟ್ ಕೇಳುತ್ತದೆ. ನಮ್ಮ ಸಾಲು ಒಂದೊಂದೂ 300 ಬೈಟ್ ಅಂತಿಟ್ಟುಕೊಳ್ಳಿ. 27 ಸಾಲು ತಂದರೆ 8100, ಸಾಲದು. ಇನ್ನೊಂದು ತಂದರೆ 8400. ಅದರಲ್ಲಿ 8192 ಕೊಟ್ಟು, ಉಳಿದ 208 ಬೈಟನ್ನು ಸಂಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಸಲ ಆ 208ರಿಂದ ಶುರು. 27 ಸಾಲು ಸೇರಿದರೆ 8308, ಕೊಟ್ಟ ಮೇಲೆ ಉಳಿಯುವುದು 116. ಹೀಗೇ ಸಾಗುತ್ತದೆ. ಸಾಲು ಹತ್ತು ಇರಲಿ, ಹತ್ತು ಕೋಟಿ ಇರಲಿ, ಮೆಮೊರಿಯಲ್ಲಿ ಇರುವುದು ಎಂಟೂವರೆ ಸಾವಿರ ಬೈಟಿನೊಳಗೆ. ನನಗೆ ಈ ಕಸುಬಿನಲ್ಲಿ ಇಷ್ಟವಾಗುವ ವಿಷಯಗಳಲ್ಲಿ ಇದೂ ಒಂದು.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಇಟರೇಟರ್ ಖಾಲಿಯಾದರೆ ಬಾಯಿಬಿಟ್ಟು ಹೇಳುತ್ತದೆ. ಪೈಥಾನಿನಲ್ಲಿ ಅದಕ್ಕೆ ಸ್ಟಾಪ್‌ಇಟರೇಷನ್ ಅನ್ನುವ ಪ್ರತ್ಯೇಕ ಸಂಕೇತವೇ ಇದೆ. ಫೈಲ್ ಹಾಗೆ ಹೇಳುವುದಿಲ್ಲ. ಸೊನ್ನೆ ಬೈಟ್ ಕೈಗಿಡುತ್ತದೆ, ಮುಗಿಯಿತು ಅಂತ ನಾವೇ ಅರ್ಥ ಮಾಡಿಕೊಳ್ಳಬೇಕು. ಈಗ ಇಟರೇಟರ್ ನಡುವೆ ಎಲ್ಲೋ ಒಂದು ಖಾಲಿ ತುಂಡು ಕೊಟ್ಟಿತು ಅನ್ನಿ. ಇಟರೇಟರ್‌ಗಳ ಲೋಕದಲ್ಲಿ ಅದು ತಪ್ಪೇನಲ್ಲ. ನೀವು ಅದನ್ನು ಹಾಗೇ ದಾಟಿಸಿದರೆ ಆ ಕಡೆಯವರು ಫೈಲ್ ಮುಗಿಯಿತು ಅಂತ ಎದ್ದು ಹೋಗುತ್ತಾರೆ. ಎರರ್ ಬರುವುದಿಲ್ಲ. ಅರ್ಧ ಡೇಟಾ ಕಾಣೆಯಾಗಿರುತ್ತದೆ ಅಷ್ಟೇ. ಕೇಳಿದ್ದಕ್ಕಿಂತ ಕಡಿಮೆ ಕೊಟ್ಟರೆ ಎಷ್ಟೋ ಕಡೆ ನಡೆಯುತ್ತದೆ. ಜಾಸ್ತಿ ಕೊಡುವ ಹಾಗಿಲ್ಲ. ಮುಗಿಯುವ ಮುನ್ನ ಸೊನ್ನೆಯನ್ನಂತೂ ಕೊಡಲೇಬಾರದು. ಖಾಲಿ ತುಂಡು ಬಂದರೆ ಅದನ್ನು ಬಿಟ್ಟು ಮುಂದಿನದನ್ನು ಕೇಳಬೇಕು.

ಉಲ್ಟಾ ದಾರಿ, ಅಂದರೆ ಫೈಲಿನಿಂದ ಇಟರೇಟರ್, ತೀರಾ ಸುಲಭ. ಪೈಥಾನಿನಲ್ಲಿ ತೆರೆದ ಫೈಲೇ ಒಂದು ಇಟರೇಟರ್, ಸಾಲು ಸಾಲಾಗಿ ಕೊಡುತ್ತದೆ. ತುಂಡುಗಳೇ ಬೇಕಾದರೆ ‘ಖಾಲಿ ಸಿಗುವ ತನಕ 4096 ಬೈಟ್ ಓದುತ್ತಿರು’ ಅಂತ ಒಂದೇ ಸಾಲಿನಲ್ಲಿ ಬರೆಯಬಹುದು. ನಾನು ಬರೆದದ್ದೂ ಅದನ್ನೇ.

ಇಟರೇಟರಿನಿಂದ ಫೈಲ್ ಮಾಡಿಕೊಡುವ ಸಿದ್ಧ ಸಾಮಾನು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿದೆ, ರೀಡಬಲ್ ಫ್ರಮ್ ಅಂತ. ಪೈಥಾನಿನ ಪೆಟ್ಟಿಗೆಯಲ್ಲಿ ಇಲ್ಲ, ನಾವೇ ಹತ್ತಿಪ್ಪತ್ತು ಸಾಲು ಬರೆದುಕೊಳ್ಳಬೇಕು. ಬರೆದುಕೊಂಡರೂ ಒಂದು ಮಿತಿ ಇದೆ: ಹಿಂದಕ್ಕೆ ಹೋಗಲು ಆಗುವುದಿಲ್ಲ. ಜಿಪ್ ಫೈಲಿನ ಒಳಗೆ ಏನೇನಿದೆ ಅನ್ನುವ ಪಟ್ಟಿ ಇರುವುದು ಕೊನೆಯಲ್ಲಿ. ಓದುವವರು ಮೊದಲು ಕೊನೆಗೆ ಹಾರಿ, ಮತ್ತೆ ಹಿಂದಕ್ಕೆ ಬರಬೇಕು. ಹರಿದು ಬರುವ ಸ್ಟ್ರೀಮಿನಲ್ಲಿ ಅದು ಹೇಗೆ ಸಾಧ್ಯ? ಹಲವು ಫೈಲುಗಳನ್ನು ಒಂದಾಗಿ ಕಟ್ಟುವ ಇನ್ನೊಂದು ರೂಪವಾದ ಟಾರ್‌ಗೆ ಈ ಕಷ್ಟ ಇಲ್ಲ. ಅದರ ಪೂರ್ತಿ ಹೆಸರೇ ಟೇಪ್ ಆರ್ಕೈವ್, ಮೊದಲಿಂದ ಕೊನೆಗೆ ಸಾಲಾಗಿ ಓದುವ ಟೇಪಿಗಾಗಿ ಹುಟ್ಟಿದ್ದು.

ನೀರಿನ ಹೋಲಿಕೆ ನನ್ನ ಜಾಣತನವೇನಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದಿದ್ದರು: ತೋಟಕ್ಕೆ ನೀರು ಹಾಯಿಸುವ ಪೈಪಿನ ಹಾಗೆ ಪ್ರೋಗ್ರಾಮುಗಳನ್ನೂ ಒಂದಕ್ಕೊಂದು ಜೋಡಿಸಲು ಬರಬೇಕು ಅಂತ. 1973ರಲ್ಲಿ ಕೆನ್ ಥಾಂಪ್ಸನ್ ಯೂನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಅದನ್ನು ಮಾಡಿ ತೋರಿಸಿದರು. ಹೆಸರೂ ಪೈಪ್ ಅಂತಲೇ. ಅದರೊಳಗೂ ಸಂಪಿದೆ. ಇವತ್ತಿನ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 65,536 ಬೈಟ್ ಹಿಡಿಯುತ್ತದೆ. ತುಂಬಿದರೆ ಬರೆಯುವ ಪ್ರೋಗ್ರಾಮ್ ನಿಂತು ಕಾಯುತ್ತದೆ. ಇಟರೇಟರಿನ ಬೇರು ಬೇರೆ ಕಡೆ. ಒಂದನ್ನು ಕೊಟ್ಟು, ಇದ್ದಲ್ಲೇ ನಿಂತು, ಕೇಳಿದಾಗ ಅಲ್ಲಿಂದಲೇ ಮುಂದುವರಿಯುವ ಉಪಾಯವನ್ನು ಬಾರ್ಬರಾ ಲಿಸ್ಕೋವ್ ಮತ್ತು ಅವರ ಜೊತೆಗಾರರು 1970ರ ದಶಕದಲ್ಲಿ ಎಂಐಟಿಯಲ್ಲಿ ಕ್ಲೂ ಅನ್ನುವ ಭಾಷೆಯಲ್ಲಿ ತಂದರು. ಪೈಥಾನಿಗೆ ಅದು ಬಂದದ್ದು 2001ರಲ್ಲಿ, 2.2 ಆವೃತ್ತಿಯ ಜೊತೆ.

ಈಗ ಆ ಕಪ್ಪು ಡೈಮಂಡ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ್ದಕ್ಕೆ ಮೂರು ಬೇಕು. ‘ಕ’ ಅಂದರೆ 224, 178, 149. ಕನ್ನಡದ ಎಲ್ಲ ಚಿಹ್ನೆಗಳೂ 224ರಿಂದಲೇ ಶುರು. 4096ನ್ನು ಮೂರರಿಂದ ಭಾಗಿಸಿ ನೋಡಿ. 1365 ಅಕ್ಷರಕ್ಕೆ 4095 ಬೈಟ್ ಹೋಯಿತು, ಉಳಿದದ್ದು ಒಂದು. ತುಂಡಿನ ಕೊನೆಯಲ್ಲಿ ಒಂಟಿ 224, ಅದರ ಉಳಿದ ಎರಡು ಬೈಟ್ ಮುಂದಿನ ತುಂಡಿನ ತಲೆಯಲ್ಲಿ. ಒಂದಕ್ಕೂ ಅರ್ಥವಿಲ್ಲ. ಅರ್ಥವಾಗದ್ದು ಬಂದರೆ ನಿಲ್ಲಬೇಡ, ಏನಾದರೂ ಹಾಕಿ ಮುಂದೆ ಹೋಗು ಅಂತ ನಾನೇ ಸೋಮಾರಿತನದಿಂದ ಹೇಳಿಟ್ಟಿದ್ದೆ. ಅದು ಡೈಮಂಡ್ ಹಾಕಿತು. ಬರೀ ಕನ್ನಡ ಅಕ್ಷರಗಳೇ ಇದ್ದಿದ್ದರೆ ಎರಡನೇ ಗಡಿಯಲ್ಲೂ ಅಕ್ಷರ ತುಂಡಾಗಿ, 12,288ನೇ ಬೈಟಿನ ಮೂರನೇ ಗಡಿ ಸರಿಯಾಗಿ ಬೀಳುತ್ತಿತ್ತು. ನಡುವೆ ಖಾಲಿ ಜಾಗ, ಪೂರ್ಣವಿರಾಮಗಳು ಒಂದೊಂದೇ ಬೈಟಿನವು ಇರುವುದರಿಂದ ಎಲ್ಲಿ ತುಂಡಾಗುತ್ತದೆ ಅಂತ ಹೇಳಲು ಬರುವುದಿಲ್ಲ. ಇಂಗ್ಲಿಷ್ ಫೈಲ್ ಯಾಕೆ ನೀಟಾಗಿ ಓಡಿತು ಅಂತ ಈಗ ಗೊತ್ತಾಯಿತಲ್ವಾ? ಒಂದು ಬೈಟನ್ನು ಎಲ್ಲಿ ಅಂತ ತುಂಡು ಮಾಡುವುದು!

ಮದ್ದು ಮತ್ತೆ ಸಂಪೇ, ಆದರೆ ತೀರಾ ಪುಟ್ಟದು. ಇನ್‌ಕ್ರಿಮೆಂಟಲ್ ಡಿಕೋಡರ್ ಅಂತ ಪೈಥಾನಿನಲ್ಲೇ ಇದೆ. ತುಂಡಿನ ಕೊನೆಯಲ್ಲಿ ಅರ್ಧ ಅಕ್ಷರ ಸಿಕ್ಕರೆ ಕೈಯಲ್ಲೇ ಇಟ್ಟುಕೊಂಡು, ಮುಂದಿನ ತುಂಡು ಬಂದ ಮೇಲೆ ಸೇರಿಸುತ್ತದೆ. ಕನ್ನಡಕ್ಕೆ ಎರಡೇ ಬೈಟಿನ ಸಂಪು ಸಾಕು. ಫೈಲನ್ನು ಬೈಟ್‌ಗಳಾಗಿ ತೆರೆಯದೆ ಪಠ್ಯವಾಗಿ ತೆರೆದಿದ್ದರೆ ಪೈಥಾನ್ ಈ ಕೆಲಸವನ್ನು ಸುಮ್ನೆ ತಾನೇ ಮಾಡುತ್ತಿತ್ತು.

ಆದರೂ ಪೂರ್ತಿ ಬಗೆಹರಿಯಲಿಲ್ಲ. ‘ಕನ್ನಡ’ ಅಂದರೆ ನಮಗೆ ಮೂರು ಅಕ್ಷರ. ಕಂಪ್ಯೂಟರಿಗೆ ಐದು: ಕ, ನ, ಒತ್ತು ಮೂಡಿಸುವ ವಿರಾಮದ ಚಿಹ್ನೆ (್), ಇನ್ನೊಂದು ನ, ಡ. ಬೈಟ್ ಲೆಕ್ಕದಲ್ಲಿ ಹದಿನೈದು. ಪಠ್ಯವಾಗಿ ತೆರೆದು ‘ಎರಡು ಅಕ್ಷರ ಕೊಡು’ ಅಂದರೆ ‘ಕನ’ ಅಂತ ಕೊಡುತ್ತದೆ, ಒತ್ತು ಮುಂದಿನ ತುಂಡಿನಲ್ಲಿ ಒಂಟಿಯಾಗಿ ನೇತಾಡುತ್ತದೆ. ಅದಕ್ಕೆ ನಾನಿನ್ನೂ ಸಂಪು ಕಟ್ಟಿಲ್ಲ. ಸದ್ಯಕ್ಕೆ ಸಾಲು ಸಾಲಾಗಿ ಓದುತ್ತಿದ್ದೇನೆ. ಒತ್ತಕ್ಷರವನ್ನು ಅರ್ಧಕ್ಕೆ ಬಿಟ್ಟು ಎಂಟರ್ ಒತ್ತುವವರು ಇನ್ನೂ ಯಾರೂ ಸಿಕ್ಕಿಲ್ಲ.