ಫೋನನ್ನು ಕುಚ್ಚಲಕ್ಕಿಗೆ ಹಾಕುವ ಮೊದಲು

ಮೊನ್ನೆ ಮಲ್ಪೆ ಕಡೆಯ ಒಬ್ರು ಅಕ್ಕ ಅಂಗಡಿಗೆ ಬಂದ್ರು, ಕೈಯಲ್ಲೊಂದು ಸ್ಟೀಲ್ ಡಬ್ಬಿ. ಮಗನಿಗೆ ಊಟ ತಗೊಂಡು ಹೋಗ್ತಾ ಇದ್ದಾರೆ ಅಂತ ಗ್ರಹಿಸಿದೆ ನಾನು, ಮುಚ್ಚಳ ತೆಗೆದ್ರೆ ತುಂಬ ಕುಚ್ಚಲಕ್ಕಿ, ಅದ್ರೊಳಗೆ ಹೂತಿಟ್ಟ ಫೋನು. ಮಗ ಬೀಚಲ್ಲಿ ಸೆಲ್ಫಿ ತೆಗಿಲಿಕ್ಕೆ ಹೋದಾಗ ತೆರೆ ಬಡಿದು ಒದ್ದೆ ಆದದ್ದಂತೆ. "ಎರಡು ದಿನ ಆಯ್ತು ಅಣ್ಣ, ಆನ್ ಆಗ್ತದೆ, ಆದ್ರೆ ಚಾರ್ಜ್ ಹಿಡಿತಾನೇ ಇಲ್ಲ."

ಉಡುಪಿಯಲ್ಲಿ ಮೊಬೈಲ್ ರಿಪೇರಿ ಮಾಡ್ಲಿಕ್ಕೆ ಕೂತು 14 ವರ್ಷ ಆಯ್ತು, ಮಳೆಗಾಲ ಬಂದ್ರೆ ಈ ಅಕ್ಕಿ ಕೇಸ್ ವಾರಕ್ಕೆ ಎರಡಾದ್ರೂ ಗ್ಯಾರಂಟಿ. ಅಕ್ಕಿ ಫೋನಿನ ಒಳಗಿನ ನೀರನ್ನು ಎಳೆದು ತೆಗೆಯುದಿಲ್ಲ ಮಾರಾಯ್ರೆ, ಹೊರಗೆ ಗಾಳಿಗೆ ಇಟ್ರೆ ಎಷ್ಟು ಆರ್ತದೋ ಅಷ್ಟೂ ಅಕ್ಕಿ ಒಳಗೆ ಆರುದಿಲ್ಲ, ಮೇಲಿಂದ ನಮ್ಮ ಕುಚ್ಚಲಕ್ಕಿಯ ತೌಡು ಹೋಗಿ ಚಾರ್ಜರ್ ಚುಚ್ಚುವ ಪೋರ್ಟಲ್ಲಿ ಅಂಟಿ ಕೂತ್ಕೊಳ್ತದೆ. ಆಪಲ್ ಕಂಪೆನಿಯೇ 2024ರಲ್ಲಿ ಅಕ್ಕಿಗೆ ಹಾಕ್ಬೇಡಿ ಅಂತ ಬರೆದು ಹಾಕಿತ್ತು. ಪೋರ್ಟ್ ಕೆಳಗೆ ಮಾಡಿ ಅಂಗೈಗೆ ಮೆಲ್ಲ ತಟ್ಟಿ, ಫ್ಯಾನ್ ಗಾಳಿ ಬರುವಲ್ಲಿ ಇಡಿ, ಪೂರ್ತಿ ಆರ್ಲಿಕ್ಕೆ ಒಂದು ದಿನವೂ ಬೇಕಾದೀತು. ಹೇರ್ ಡ್ರೈಯರ್ ಬೇಡ, ಒಲೆ ಹತ್ರ ಅಂತೂ ಬೇಡ.

ಆದ್ರೆ ಅದು ಮಳೆ ನೀರಿನ ಕತೆ. ಸಮುದ್ರದ ನೀರು ಬೇರೆಯೇ ಜಾತಿ. ಉಪ್ಪು ನೀರಲ್ಲಿ ಕರೆಂಟ್ ಚೆನ್ನಾಗಿ ಹರಿತದೆ, ಫೋನ್ ಆನ್ ಇದ್ರೆ ಬ್ಯಾಟರಿಯ ಕರೆಂಟಿಗೆ ಬೋರ್ಡಿನ ತಾಮ್ರ ಕರಗ್ಲಿಕ್ಕೆ ಶುರು ಆಗ್ತದೆ, ಬಿಚ್ಚಿ ನೋಡಿದ್ರೆ ಹಳೇ ತಾಮ್ರದ ಚೊಂಬಿನ ಹಾಗೆ ಹಸಿರು ಕಿಲುಬು. ನೀರು ಆರಿದ್ರೂ ಉಪ್ಪು ಅಲ್ಲೇ ಉಳಿತದೆ. ಹಾಗಾಗಿ ಮೊದಲು ಸ್ವಿಚ್ ಆಫ್, "ಒಮ್ಮೆ ಆನ್ ಆಗ್ತದಾ ನೋಡ್ವ" ಅನ್ನುವ ಆಸೆ ಬಿಡಿ, ಚಾರ್ಜಿಗಂತೂ ಹಾಕ್ಲೇಬೇಡಿ, ಅದೇ ದಿನ ಯಾರಾದ್ರೂ ರಿಪೇರಿಯವರ ಹತ್ರ ಬಿಚ್ಚಿಸಿ. ವಾಟರ್‌ಪ್ರೂಫ್ ಅಂತ ಬಾಕ್ಸಲ್ಲಿ ಉಂಟಲ್ಲ ಅಂತ ವಾದ ಮಾಡುವವರಿಗೆ ಒಂದು ಮಾತು, ಬಾಕ್ಸಲ್ಲಿರುವ ಐಪಿ68, ಅಂದ್ರೆ ನೀರು ಧೂಳು ತಡೆಯುವ ರೇಟಿಂಗು, ಅದನ್ನು ಟೆಸ್ಟ್ ಮಾಡುದು ಸಿಹಿನೀರಲ್ಲಿ, ಹೊಸ ಫೋನಿಗೆ. ಎರಡು ಸಲ ಬಿದ್ದು ಒಳಗಿನ ಅಂಟು ಬಿಟ್ಟ ಫೋನಿಗೆ ಅದು ಲೆಕ್ಕಕ್ಕಿಲ್ಲ.

ಇನ್ನು ನೀರೇ ಮುಟ್ಟದ ಫೋನು. "ಚಾರ್ಜಿಂಗ್ ಪಿನ್ ಹೋಯ್ತು, ಹೊಸತು ಹಾಕಿ" ಅಂತ ಬರುವವರಲ್ಲಿ ಅರ್ಧಕ್ಕರ್ಧ ಜನರ ಪಿನ್ನಿಗೆ ಎಂತದೂ ಆಗಿರುದಿಲ್ಲ, ಒಳಗೆ ಕಸ ಅಷ್ಟೇ. ಸಿ ಟೈಪ್ ಪೋರ್ಟ್ ಒಳಗೆ ಟಾರ್ಚ್ ಹಾಕಿ ನೋಡಿ, ನಡುವೆ ಒಂದು ತೆಳು ನಾಲಗೆ ಉಂಟು, ಅದರ ಮೇಲೆ 12 ಕೆಳಗೆ 12 ಪಿನ್. ಪ್ಯಾಂಟಿನ ಕಿಸೆಯ ನೂಲು, ಧೂಳು, ಒಬ್ರ ಫೋನಲ್ಲಿ ದೇವಸ್ಥಾನದ ಭಸ್ಮ, ಎಲ್ಲ ಸೇರಿ ನಾಲಗೆಯ ಸುತ್ತ ಬುಡದಲ್ಲಿ ಕೂರ್ತದೆ, ನೀವು ದಿನಾ ಕೇಬಲ್ ಚುಚ್ಚಿ ಚುಚ್ಚಿ ಅದನ್ನು ಫೆಲ್ಟ್ ಬಟ್ಟೆಯ ಹಾಗೆ ಗಟ್ಟಿ ಮಾಡ್ತೀರಿ. ಕೇಬಲ್ ಟಕ್ ಅಂತ ಕೂರುದಿಲ್ಲ, ಅದರ ಲೋಹದ ಮೂತಿ ಸ್ವಲ್ಪ ಹೊರಗೇ ಕಾಣ್ತದೆ, ಓರೆ ಹಿಡಿದ್ರೆ ಮಾತ್ರ ಚಾರ್ಜ್. ಈ ಲಕ್ಷಣ ಇದ್ರೆ ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯ ತುದಿಯನ್ನು ಸ್ವಲ್ಪ ಚಪ್ಪಟೆ ಮಾಡಿ ಗೋಡೆ ಬದಿಯಿಂದ ಮೆಲ್ಲ ಕೆರೆದು ಹೊರಗೆ ಎಳೀರಿ. ನಾಲಗೆಗೆ ಒತ್ತಬೇಡಿ. ಸೇಫ್ಟಿ ಪಿನ್ನು, ಸೂಜಿ ಹಾಕಿ ಪಿನ್ ಬಗ್ಗಿಸಿಕೊಂಡು ಬಂದವರಿಗೆ ನಾನು ನಿಜವಾಗ್ಲೂ ಹೊಸತು ಹಾಕಿ ಕೊಟ್ಟದ್ದುಂಟು. ಊದುವವರೂ ಇದ್ದಾರೆ, ಬಾಯಿಯ ತೇವವೂ ಒಳಗೇ ಹೋಗ್ತದೆ.

ತೇವ ಉಂಟು ಅಂತ ಫೋನ್ ಮೆಸೇಜ್ ತೋರಿಸ್ತದೆ, ಒಳಗೆ ನೋಡಿದ್ರೆ ಒಣ, ಹೀಗೂ ಆಗುದುಂಟು. ಕರೆಂಟ್ ಹರಿಯಬಾರದ ಎರಡು ಪಿನ್ ನಡುವೆ ಹರಿದ್ರೆ ಫೋನ್ ಅದನ್ನು ನೀರು ಅಂತ ಲೆಕ್ಕ ಹಾಕ್ತದೆ. ಬೆವರಿನ ಉಪ್ಪು, ತೌಡು, ಕಿಲುಬು ಯಾವುದೂ ಇರಬಹುದು. ಸರಿಯಾಗಿ ಕ್ಲೀನ್ ಆದ್ರೆ ಮೆಸೇಜ್ ಹೋಗ್ತದೆ.

ಅಕ್ಕನ ಫೋನಿಗೆ ಚಾರ್ಜಿಂಗ್ ಪೋರ್ಟ್ ಇರುವ ಸಣ್ಣ ಸಬ್ ಬೋರ್ಡೇ ಬದಲು ಮಾಡ್ಬೇಕಾಯ್ತು, ಮೇನ್ ಬೋರ್ಡಿಗೆ ಉಪ್ಪು ಮುಟ್ಟಿರ್ಲಿಲ್ಲ, ಪುಣ್ಯ. ಪೋರ್ಟಿಂದ ಒಂದು ಅಕ್ಕಿ ನುಚ್ಚು ತೆಗೆದು ತೋರಿಸಿದೆ. ಸಂಜೆ ಫೋನ್ ತಗೊಳ್ಳಿಕ್ಕೆ ಬಂದವರು ಎರಡೆರಡು ಸಲ ಕೇಬಲ್ ಹಾಕಿ ತೆಗೆದು ನೋಡಿದ್ರು, ದುಡ್ಡು ಕೊಟ್ರು, ಡಬ್ಬಿ ಖಾಲಿ ಇತ್ತು. ಅಕ್ಕಿ ಎಂತ ಮಾಡಿದ್ರಿ ಅಂತ ಕೇಳಿದೆ.

"ಮಧ್ಯಾಹ್ನ ಗಂಜಿ ಮಾಡಿದೆ ಅಣ್ಣ."