ಒಂದ ಸಿರಿಂಜ್ ರಕ್ತ, ಮೂರ ಗಡಿಯಾರ: ತಾಯಿಯಿಂದ ಕೂಸಿಗೆ ಸೋಂಕು ಹೋಗದಂಗ ತಡಿಯೂದು

ನಾಡಿದ್ದ ಓಬಿಜಿ (ಹೆರಿಗಿ, ಸ್ತ್ರೀರೋಗ) ಇಂಟರ್ನಲ್ಸ್ ಪರೀಕ್ಷಾ ಐತಿ, ಹಾಸ್ಟೆಲ್‌ನ್ಯಾಗ ಎಲ್ಲಾರೂ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಮೂರನ್ನೂ ಕಲಸಿಬಿಟ್ಟಾರ, ಒಂದರ ಇಂಜೆಕ್ಷನ್ ಇನ್ನೊಂದಕ್ಕ ಬರೀತಾರ. ನಾನೂ ಹಂಗ ಮಾಡ್ತಿದ್ದೆ. ಔಷಧಿ ಹೆಸರು ಬಾಯಿಪಾಠ ಮಾಡೂದು ಬಿಟ್ಟು ಟೈಮ್ ಹಿಡೀರಿ, ಸಲೀಸ ಆಗ್ತದ. ಬಸುರಿ ಮೊದಲನೇ ಸಲ ಚೆಕಪ್‌ಗೆ ಬಂದಾಗ ಒಂದ ಸಲ ರಕ್ತ ತಗೊಂಡು ಮೂರೂ ಟೆಸ್ಟ್ ಮಾಡ್ತಾರ, ಆದ್ರ ಪಾಸಿಟಿವ್ ಬಂದ ಮ್ಯಾಲೆ ಒಂದೊಂದರ ಗಡಿಯಾರ ಬ್ಯಾರೆ.

ಸಿಫಿಲಿಸ್‌ದು ಹೆರಿಗಿಗಿಂತ ಮೊದಲ ಮುಗೀತದ. ಬೆಂಜಥೈನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಸೊಂಟಕ್ಕ, ಹೆರಿಗಿಗೆ ಕಮ್ಮಿ ಅಂದ್ರ 30 ದಿನ ಮೊದಲ ಬೀಳಬೇಕು, ಅದಕ್ಕಿಂತ ತಡ ಆದ್ರ ಹೊಟ್ಟ್ಯಾಗಿನ ಕೂಸಿಗೆ ಟ್ರೀಟ್ಮೆಂಟ್ ಸಾಕಾಗಿಲ್ಲ ಅಂತನ ಲೆಕ್ಕ. ಪೆನಿಸಿಲಿನ್ ಅಲರ್ಜಿ ಇದ್ರ ಎರಿಥ್ರೋಮೈಸಿನ್ ಕೊಟ್ರಾತು ಅಂತ ಬರೀಬ್ಯಾಡ್ರಿ, ಅದು ಮಾಸು ದಾಟಿ ಕೂಸಿಗೆ ಸರಿಯಾಗಿ ಮುಟ್ಟೂದಿಲ್ಲ, ಡಿಸೆನ್ಸಿಟೈಸ್ ಮಾಡಿ, ಅಂದ್ರ ಸಣ್ಣ ಡೋಸಿನಿಂದ ಏರಿಸ್ಕೋತ ಮೈಗೆ ರೂಢಿ ಮಾಡಿಸಿ, ಪೆನಿಸಿಲಿನ್ನ ಕೊಡೂದು. ಗಂಡಗೂ ಟ್ರೀಟ್ಮೆಂಟ್ ಆಗಬೇಕು, ಇಲ್ಲಾಂದ್ರ ತಿರುಗಿ ಅಂಟ್ತದ.

ಹೆಪಟೈಟಿಸ್ ಬಿ ಉಲ್ಟಾ, ಇದರ ಗಡಿಯಾರ ಕೂಸು ಹುಟ್ಟಿದ ಕೂಡ್ಲೆ ಚಾಲೂ. 24 ತಾಸಿನೊಳಗ ಲಸಿಕಿ, ಅದು ತಾಯಿ ನೆಗೆಟಿವ್ ಇದ್ರೂ ಎಲ್ಲಾ ಕೂಸಿಗೂ ಐತಿ, ತಾಯಿ ಪಾಸಿಟಿವ್ ಇದ್ರ ಇನ್ನೊಂದು ತೊಡಿಗೆ ಇಮ್ಯುನೊಗ್ಲಾಬ್ಯುಲಿನ್ (ತಯಾರಿದ್ದ ಆ್ಯಂಟಿಬಾಡಿ, ಅಂದ್ರ ವೈರಸ್ ಎದುರು ಹೋರಾಡೂ ಪ್ರೋಟೀನ್), ಅದೂ 12 ತಾಸಿನೊಳಗ. ಯಾಕ ಇಷ್ಟ ಅವಸರ ಅಂದ್ರ, ದೊಡ್ಡವ್ರಿಗೆ ಈ ವೈರಸ್ ಹತ್ತಿದ್ರ ನೂರಕ್ಕ ಐದು ಮಂದಿಗಿಂತ ಕಮ್ಮಿ ಜನಕ್ಕ ಮೈಯಾಗ ಕಾಯಂ ಉಳೀತದ, ಹುಟ್ಟುವಾಗ ಹತ್ತಿದ ಕೂಸುಗಳಾಗ ನೂರಕ್ಕ ಸುಮಾರು 90ಕ್ಕ. ವೈರಲ್ ಲೋಡ್ (ರಕ್ತದಾಗಿನ ವೈರಸ್ ಪ್ರಮಾಣ) ಭಾಳ ಇದ್ದ ತಾಯಿಗೆ ಬಸುರಿನ 28ನೇ ವಾರದಿಂದ ಟೆನೊಫೊವಿರ್ ಅನ್ನೂ ವೈರಸ್ ತಡಿಯೂ ಗುಳಿಗಿ. ಹಾಲು ಕುಡಿಸಬಹುದು.

ಎಚ್‌ಐವಿ ಗಡಿಯಾರ ನಿಲ್ಲೂದ ಇಲ್ಲ. ಹೊಟ್ಟ್ಯಾಗ ಇದ್ದಾಗ, ಹೆರಿಗಿ ಆಗುವಾಗ, ಹಾಲು ಕುಡಿಸುವಾಗ, ಮೂರೂ ಕಡೆ ದಾಟ್ತದ. ಏನೂ ಮಾಡದ ಬಿಟ್ರ 15 ರಿಂದ 45 ಪರ್ಸೆಂಟ್, ಸರಿಯಾಗಿ ಮಾಡಿದ್ರ 5ಕ್ಕಿಂತ ಕಮ್ಮಿ. ಗೊತ್ತಾದ ದಿನದಿಂದ ತಾಯಿಗೆ ದಿನಕ್ಕೊಂದು ಟಿಎಲ್‌ಡಿ (ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ) ಗುಳಿಗಿ, ಜೀವನಪೂರ್ತಿ, ಕೂಸಿಗೆ ನೆವಿರಾಪಿನ್ ಸಿರಪ್ 6 ವಾರ, ರಿಸ್ಕ್ ಜಾಸ್ತಿ ಇದ್ರ ಔಷಧಿನೂ ಜಾಸ್ತಿ. ಎಚ್‌ಐವಿ ಐತಿ ಅಂದ ಮಾತ್ರಕ್ಕ ಸಿಸೇರಿಯನ್ ಬೇಕಿಲ್ಲ.

ಪುಸ್ತಕದಾಗ ಇಲ್ಲದ್ದು ಒಂದು ಹೇಳ್ತೇನಿ. ನಮ್ಮ ಬಾಗಲಕೋಟಿ, ವಿಜಾಪುರ ಕಡೆ ಏಳನೇ ತಿಂಗಳಿಗೆ ಕುಬಸ ಮಾಡಿ ಚೊಚ್ಚಲ ಬಸುರಿನ ತವರಿಗೆ ಕಳಸ್ತಾರ. ಎಚ್‌ಐವಿ ಗುಳಿಗಿ ತಗೊಳ್ಳೂದು ಜಮಖಂಡ್ಯಾಗ, ಹೆರಿಗಿ ಇಂಡಿ ಊರಾಗ, ನಡುವ ಗುಳಿಗಿ ತೀರಿದ್ರ ಕೇಳವ್ರು ಯಾರು? ಎಚ್‌ಐವಿ ಇದ್ದದ್ದು ತವರಾಗ ಯಾರಿಗೂ ಹೇಳಿರಂಗಿಲ್ಲ, ಹೇಳಬೇಕು ಅಂತ ನಾವು ಜಬರ್ದಸ್ತಿ ಮಾಡಂಗೂ ಇಲ್ಲ, 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಪ್ರಕಾರ ಅದು ಗುಟ್ಟಾಗಿ ಇಡಬೇಕಾದ ಮಾಹಿತಿ. ಅದಕ್ಕ ಕೌನ್ಸೆಲಿಂಗ್‌ನ್ಯಾಗ ಕುಬಸಕ್ಕಿಂತ ಮೊದಲ ಕೇಳಬೇಕಾದ ಪ್ರಶ್ನಿ ಒಂದ: ಯವ್ವಾ, ಹಡಿಯೂದು ಎಲ್ಲಿ?

ಇನ್ನ ಗುಟ್ಟಿ. ಅಜ್ಜಿ ಸಾಣಿಕಲ್ಲಿನ ಮ್ಯಾಲೆ ಬಜಿ, ಜಾಯಿಕಾಯಿ ತೇಯ್ದು ಜೇನ್ತುಪ್ಪದಾಗ ಕಲಿಸಿ ಎಳೇ ಕೂಸಿನ ನಾಲಿಗಿಗೆ ಹಚ್ಚೂದು ನಮ್ಮನ್ಯಾಗೂ ಐತಿ, ಪ್ರೀತಿಯಿಂದನ ಮಾಡ್ತಾರ, ಆದ್ರ ಎದಿಹಾಲಿನ ಜೋಡಿ ಬ್ಯಾರೆ ಏನರ ಕೊಟ್ರ ಎಳೇ ಕರುಳಿನ ಒಳಪದರ ಕೆರಳಿ ಎಚ್‌ಐವಿ ವೈರಸ್‌ಗೆ ದಾರಿ ಆಗ್ತದ, ಅದಕ್ಕ 6 ತಿಂಗಳು ಬರೇ ತಾಯಿಹಾಲು, ಸಕ್ಕರಿ ನೀರೂ ಬ್ಯಾಡ.

ವೈವಾದಾಗ ನಾ ಬೈಸ್ಕೊಂಡಿದ್ದು ಇಲ್ಲೇ: ಎಚ್‌ಐವಿ ಇದ್ದ ತಾಯಿಯ ಮೂರು ತಿಂಗಳ ಕೂಸಿಗೆ ಎಚ್‌ಐವಿ ಆ್ಯಂಟಿಬಾಡಿ ಟೆಸ್ಟ್ ಪಾಸಿಟಿವ್ ಬಂತು, ಏನರ್ಥ ಅಂದ್ರು, ಸೋಂಕು ಹತ್ತೇತಿ ಅಂದೆ. ತಪ್ಪು. ಆ ಆ್ಯಂಟಿಬಾಡಿ ತಾಯೀದು, ಮಾಸು ದಾಟಿ ಬಂದದ್ದು, 18 ತಿಂಗಳತನಕ ಉಳೀಬಹುದು. ಹಂಗಾಗಿ 6 ವಾರಕ್ಕ ಹಿಮ್ಮಡಿ ಚುಚ್ಚಿ ಡಿಬಿಎಸ್ ಕಾರ್ಡಿನ ಮ್ಯಾಲೆ ರಕ್ತದ ಚುಕ್ಕಿ ತಗೊಂಡು ನೇರ ವೈರಸ್ಸನ್ನ ಹುಡುಕ್ತಾರ, ಆಮ್ಯಾಲೆ 6 ತಿಂಗಳಿಗೆ, 12 ತಿಂಗಳಿಗೆ, ಕಡೀಕ 18ಕ್ಕ ಆ್ಯಂಟಿಬಾಡಿ. ಕಾರ್ಡ್ ಲಗೂ ಒಣಗ್ಲಿ ಅಂತ ನಮ್ಮ ಮೇ ತಿಂಗಳ ಬಿಸಲಿಗೆ ಇಡಬ್ಯಾಡ್ರಿ, ನೆರಳಾಗ ತಾನಾಗೇ ಒಣಗಬೇಕು.