ಔಷಧಕ್ಕೆ ಬೆಲೆ ಮಿತಿ: ಹಿರಿಯರಿಗೆ, ಅಂಗವಿಕಲರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ವಿಜಯನಗರದಲ್ಲಿ ಪರೀಕ್ಷೆಗೆ ಓದುವ ನಮ್ಮ ಗುಂಪಿನಲ್ಲಿ ‘ಔಷಧಕ್ಕೆ ಬೆಲೆ ಮಿತಿ ಹಾಕಿದರೆ ಹಿರಿಯರ, ಅಂಗವಿಕಲರ ಮೇಲೆ ಏನು ಪರಿಣಾಮ?’ ಎಂಬ ಪ್ರಶ್ನೆ ಬಂದಾಗ ಹೆಚ್ಚಿನವರು ಬರೆದದ್ದು ಒಂದೇ ಸಾಲು: ‘ಬೆಲೆ ಇಳಿಯುತ್ತದೆ, ಬಡವರಿಗೆ ಅನುಕೂಲವಾಗುತ್ತದೆ.’ ಉತ್ತರ ತಪ್ಪಲ್ಲ, ಆದರೆ ಅರ್ಧಕ್ಕೇ ನಿಂತಿದೆ. ಯಾವ ಔಷಧದ ಬೆಲೆ, ಅದನ್ನು ಕೊಡುವವರು ಯಾರು, ಅಂಗಡಿಯಲ್ಲಿ ಆ ಔಷಧ ಸಿಗುತ್ತದೆಯೇ ಎಂದು ಕೇಳದೆ ಈ ವಿಷಯ ಬಿಡಿಸಿಕೊಳ್ಳುವುದಿಲ್ಲ. ಆಮೇಲೆ ಓದುವವರಿಗೂ ಉಪಯೋಗವಾಗಲಿ ಎಂದು ಆ ಚರ್ಚೆಯನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಎರಡು ಮಿತಿಗಳನ್ನು ಬೆರೆಸಬೇಡಿ

ಮಾರಾಟದ ಬೆಲೆಗೆ ಹಾಕುವ ಮಿತಿ ಒಂದು, ರೋಗಿ ತನ್ನ ಕೈಯಿಂದ ಕೊಡುವ ಹಣಕ್ಕೆ ಹಾಕುವ ಮಿತಿ ಇನ್ನೊಂದು. ನಮ್ಮಲ್ಲಿರುವುದು ಮೊದಲನೆಯದು. ಎರಡನೆಯದಕ್ಕೆ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಒಳ್ಳೆಯ ಉದಾಹರಣೆ. 65 ವರ್ಷ ದಾಟಿದವರ ಜೊತೆಗೆ, ಅಂಗವೈಕಲ್ಯದ ಕಾರಣಕ್ಕೆ ಸಾಮಾನ್ಯವಾಗಿ 24 ತಿಂಗಳು ಸಾಮಾಜಿಕ ಭದ್ರತೆಯ ಭತ್ಯೆ ಪಡೆದ ಕಿರಿಯರೂ ಆ ವಿಮೆಯೊಳಗೆ ಬರುತ್ತಾರೆ. 2022ರ ಆಗಸ್ಟ್‌ನಲ್ಲಿ ಅಲ್ಲಿ ಜಾರಿಗೆ ಬಂದ ಹಣದುಬ್ಬರ ಇಳಿಕೆ ಕಾಯ್ದೆಯು ಈ ವಿಮೆಯವರಿಂದ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್‌ಗಿಂತ ಹೆಚ್ಚು ಪಡೆಯುವಂತಿಲ್ಲ ಎಂದಿತು. 2025ರಿಂದ ಔಷಧ ವಿಮೆಯಲ್ಲಿ ರೋಗಿಯ ಕೈಖರ್ಚಿಗೆ ವರ್ಷಕ್ಕೆ 2,000 ಡಾಲರ್ ಮಿತಿ ಬಂತು. 2026ಕ್ಕೆ ಅದು 2,100 ಡಾಲರ್. ಈ ಮಿತಿಯಿಂದ ಔಷಧದ ಬೆಲೆಯೇನೂ ಇಳಿಯುವುದಿಲ್ಲ. ಮಿತಿ ದಾಟಿದ ಹೊರೆಯನ್ನು ವಿಮೆ, ಸರ್ಕಾರ ಮತ್ತು ಕಂಪನಿ ಹಂಚಿಕೊಳ್ಳುತ್ತವೆ. ಬೆಲೆಯನ್ನೇ ಇಳಿಸಲು ಅದೇ ಕಾಯ್ದೆಯಲ್ಲಿ ಬೇರೆ ದಾರಿಯಿದೆ: ಕೆಲವು ಔಷಧಗಳಿಗೆ ಸರ್ಕಾರ ಕಂಪನಿಯೊಂದಿಗೆ ಕೂತು ದರ ನಿಗದಿ ಮಾಡುತ್ತದೆ. ಮೊದಲ ಹತ್ತು ಔಷಧಗಳ ಹೊಸ ದರ 2026ರ ಜನವರಿಯಿಂದ ಅನ್ವಯ. ಸಕ್ಕರೆ ಕಾಯಿಲೆಯ ಜನುವಿಯಾ ಮಾತ್ರೆ ತಿಂಗಳಿಗೆ 527 ಡಾಲರ್ ಇದ್ದದ್ದು 113 ಡಾಲರ್ ಆಗಿದೆ.

ನಮ್ಮಲ್ಲಿ ತಿಂಗಳ ಮಾತ್ರೆಗೆ ಹೆಚ್ಚಿನ ಹಿರಿಯರು ತಾವೇ ಹಣ ಕೊಡುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ದಾಟಿದ ಎಲ್ಲರಿಗೂ ವಿಸ್ತರಿಸಲಾಯಿತು, ನಿಜ. ಆದರೆ ಅದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಬಿ.ಪಿ. ಮಾತ್ರೆಯನ್ನು ಮಲ್ಲೇಶ್ವರದ ಮೆಡಿಕಲ್ ಅಂಗಡಿಯಲ್ಲಿ ಕೊಳ್ಳುವ ಅಜ್ಜಿಗೆ ಸ್ಟ್ರಿಪ್ಪಿನ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಯೇ ರಕ್ಷಣೆ. ಅದಕ್ಕಾಗಿಯೇ ಆ ಬೆಲೆ ಹೇಗೆ ಹುಟ್ಟುತ್ತದೆ ಎಂಬುದನ್ನು ನಾವು ಬಿಡಿಸಿ ತಿಳಿಯಬೇಕು.

ಲೆಕ್ಕ ಹೀಗಿದೆ

ಆಧಾರ 2013ರ ಔಷಧ ಬೆಲೆ ನಿಯಂತ್ರಣ ಆದೇಶ. ಜಾರಿ ಮಾಡುವುದು 1997ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ. ಮಿತಿಗೆ ಒಳಪಡುವುದು ಮುಖ್ಯವಾಗಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವವು. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಮಾರುಕಟ್ಟೆಯಲ್ಲಿ ಶೇ 1 ಅಥವಾ ಹೆಚ್ಚು ಪಾಲಿರುವ ಎಲ್ಲ ಬ್ರ್ಯಾಂಡ್‌ಗಳು ಅಂಗಡಿಯವರಿಗೆ ಕೊಡುವ ದರದ ಸರಳ ಸರಾಸರಿ ತೆಗೆದು, ಅದಕ್ಕೆ ಶೇ 16 ಚಿಲ್ಲರೆ ಲಾಭಾಂಶ ಸೇರಿಸುತ್ತಾರೆ. ತೆರಿಗೆ ಇದರ ಮೇಲೆ.

ಒಂದು ಕಲ್ಪಿತ ಲೆಕ್ಕ ಮಾಡೋಣ. ನಾಲ್ಕು ಬ್ರ್ಯಾಂಡ್‌ಗಳ ದರ 20, 30, 40, 50 ರೂಪಾಯಿ ಎಂದಿಟ್ಟುಕೊಳ್ಳಿ. ಸರಾಸರಿ 35. ಶೇ 16 ಸೇರಿಸಿದರೆ 40.60. ಶೇ 5 ಜಿಎಸ್‌ಟಿ ಕೂಡಿಸಿದರೆ 42.63. ಐವತ್ತರ ಬ್ರ್ಯಾಂಡ್ ನುಂಗುತ್ತಿದ್ದವರಿಗೆ ದೊಡ್ಡ ಉಳಿತಾಯ. ಇಪ್ಪತ್ತರದ್ದನ್ನು ಕೊಳ್ಳುತ್ತಿದ್ದವರಿಗೆ ಏನೂ ಇಲ್ಲ. ಮಿತಿಗಿಂತ ಕಡಿಮೆಗೆ ಮಾರುತ್ತಿದ್ದ ಕಂಪನಿಗಳು ಮಿತಿಯವರೆಗೆ ಏರಿಸಿಕೊಳ್ಳುವಂತಿಲ್ಲ, ಇದ್ದ ಬೆಲೆಯನ್ನೇ ಕಾಯ್ದುಕೊಳ್ಳಬೇಕು ಎಂಬ ನಿಯಮವಿದೆ. ಇದನ್ನು ಪರೀಕ್ಷೆಯಲ್ಲಿ ಬಹಳ ಜನ ಬಿಡುತ್ತಾರೆ. ಇನ್ನೊಂದು ಅಂಶ ಸ್ವಲ್ಪ ಕಹಿಯಾದದ್ದು: ತಯಾರಿಕೆಯ ವೆಚ್ಚವನ್ನು ಈ ಸೂತ್ರ ನೋಡುವುದೇ ಇಲ್ಲ. 1995ರ ಆದೇಶ ನೋಡುತ್ತಿತ್ತು. ಈಗ ದುಬಾರಿ ಬ್ರ್ಯಾಂಡ್‌ಗಳೇ ಸರಾಸರಿಯನ್ನು ಮೇಲಕ್ಕೆಳೆಯುತ್ತವೆ.

ಸ್ಟ್ರಿಪ್ಪಿಗೆ ಹತ್ತು ರೂಪಾಯಿ ಇಳಿದರೆ ಜ್ವರ ಬಂದವರಿಗೆ ಅದು ಲೆಕ್ಕಕ್ಕಿಲ್ಲ. ನಾಲ್ಕು ಬಗೆಯ ಮಾತ್ರೆಯನ್ನು ದಿನವೂ ನುಂಗುವವರಿಗೆ ತಿಂಗಳಿಗೆ ಹನ್ನೆರಡು ಸ್ಟ್ರಿಪ್ ಬೇಕು. ಉಳಿತಾಯ ತಿಂಗಳಿಗೆ 120, ವರ್ಷಕ್ಕೆ 1,440 ರೂಪಾಯಿ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಬೆಲೆ ಮಿತಿಯ ಪ್ರಯೋಜನ ಎಲ್ಲರಿಗಿಂತ ಹೆಚ್ಚಾಗಿ ದೀರ್ಘಕಾಲದ ಔಷಧ ಬೇಕಾದವರಿಗೇ ಸೇರುತ್ತದೆ ಎನ್ನುವುದು ಇದೇ ಕಾರಣಕ್ಕೆ. ಆದರೆ ಮಿತಿಯೂ ನಿಂತಲ್ಲೇ ನಿಲ್ಲುವುದಿಲ್ಲ. ಸಗಟು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ: 2022ರಲ್ಲಿ ಸುಮಾರು ಶೇ 10.8, 2023ರಲ್ಲಿ ಶೇ 12.1 ಏರಿಕೆಗೆ ಅವಕಾಶ ಸಿಕ್ಕಿತು. ಪಿಂಚಣಿ ಹಾಗೆ ವರ್ಷವರ್ಷ ಏರುವುದಿಲ್ಲ.

ಪಟ್ಟಿಯ ಹೊರಗೆ ಉಳಿದವರು

ಸಕ್ಕರೆ ಕಾಯಿಲೆಯ ಔಷಧಗಳಾದ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇವೆ. ಎರಡನ್ನೂ ಬೆರೆಸಿದ ಮಾತ್ರೆ ಇಲ್ಲ. ಹೊಸ ಮಿಶ್ರಣಗಳಿಗೆ ಪ್ರಾಧಿಕಾರ ಕಂಪನಿವಾರು ಬೆಲೆ ನಿಗದಿ ಮಾಡುವುದುಂಟು. ಪಟ್ಟಿಯ ಹೊರಗಿನ ಉಳಿದ ಔಷಧಗಳಿಗೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ಕಟ್ಟು ಮಾತ್ರ.

ಅಂಗವೈಕಲ್ಯಕ್ಕೆ ಸಂಬಂಧಿಸಿದ ಲೋಪ ಇದಕ್ಕಿಂತ ದೊಡ್ಡದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅವುಗಳಲ್ಲಿ ರಕ್ತದ ಕಾಯಿಲೆಗಳಾದ ಹಿಮೋಫಿಲಿಯಾ, ಥಲಸ್ಸೇಮಿಯಾ, ನರಮಂಡಲದ ಕಾಯಿಲೆಗಳಾದ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಸೇರಿವೆ. ಎಲ್ಲವೂ ಜೀವಮಾನವಿಡೀ ಚಿಕಿತ್ಸೆ ಬೇಡುವಂಥವು. ಹೀಗಿದ್ದೂ 2019ರ ಜನವರಿಯ ತಿದ್ದುಪಡಿ, ಅಪರೂಪದ ಕಾಯಿಲೆಗಳ ಔಷಧಗಳಿಗೆ ಬೆಲೆ ನಿಯಂತ್ರಣದಿಂದ ವಿನಾಯಿತಿ ಕೊಟ್ಟಿತು. ಪೇಟೆಂಟ್ ಇರುವ ಹೊಸ ಔಷಧಗಳಿಗೂ ಮಾರಾಟ ಆರಂಭವಾದ ಮೇಲೆ ಐದು ವರ್ಷ ವಿನಾಯಿತಿ ಇದೆ. ಹೂಡಿಕೆ ಬರಲಿ ಎಂಬುದು ಸಮರ್ಥನೆ. ಅತಿ ದುಬಾರಿ ಔಷಧ ಬೇಕಾದವರೇ ರಕ್ಷಣೆಯ ಹೊರಗುಳಿದರು ಎಂಬುದು ಅದರ ಫಲ. ಇದನ್ನು ನಾನು ನ್ಯಾಯ ಎನ್ನಲಾರೆ.

ಮಿತಿಯೊಂದೇ ದಾರಿಯಲ್ಲ ಎಂಬುದೂ ಇಲ್ಲಿ ನೆನಪಿರಲಿ. ಅಮೆರಿಕದಲ್ಲಿ ಮಾತುಕತೆಯಿಂದ ಇಳಿದ ಜನುವಿಯಾದ ಮೂಲ ಔಷಧ ಸಿಟಾಗ್ಲಿಪ್ಟಿನ್. ಇಲ್ಲಿ 2022ರಲ್ಲಿ ಅದರ ಪೇಟೆಂಟ್ ಮುಗಿಯಿತು, ಹಲವು ಕಂಪನಿಗಳು ತಯಾರಿಸತೊಡಗಿದವು, ಅದೇ ವರ್ಷ ಜನೌಷಧಿ ಕೇಂದ್ರಗಳಲ್ಲಿ 50 ಮಿಲಿಗ್ರಾಂನ ಹತ್ತು ಮಾತ್ರೆ 60 ರೂಪಾಯಿಗೆ ಬಂತು.

ಮಿತಿ ತೀರಾ ತಗ್ಗಿದರೆ

ಕಚ್ಚಾ ಪದಾರ್ಥದ ಬೆಲೆ ಏರಿ ಮಿತಿ ಕೆಳಗೇ ಉಳಿದರೆ ಕಂಪನಿ ತಯಾರಿಕೆ ನಿಲ್ಲಿಸುತ್ತದೆ. ಪಟ್ಟಿಯಲ್ಲಿರುವ ಔಷಧವನ್ನು ನಿಲ್ಲಿಸಬೇಕಾದರೆ ಆರು ತಿಂಗಳು ಮೊದಲೇ ತಿಳಿಸಬೇಕು. ಸರ್ಕಾರ ಬಯಸಿದರೆ ಒಂದು ವರ್ಷದವರೆಗೆ ಮುಂದುವರಿಸಲು ಹೇಳಬಹುದು. 2024ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರ ತನ್ನ ವಿಶೇಷ ಅಧಿಕಾರ ಬಳಸಿ ಎಂಟು ಔಷಧಗಳ ಮಿತಿಯನ್ನು ಶೇ 50 ಏರಿಸಿತು. ಆ ಎಂಟರಲ್ಲಿ ಗ್ಲಾಕೋಮಾಕ್ಕೆ ಹಾಕುವ ಪೈಲೋಕಾರ್ಪಿನ್ ಕಣ್ಣಿನ ಹನಿ, ಥಲಸ್ಸೇಮಿಯಾ ಇರುವವರ ಮೈಯಲ್ಲಿ ಶೇಖರವಾಗುವ ಕಬ್ಬಿಣವನ್ನು ಹೊರಹಾಕುವ ಡೆಸ್‌ಫೆರಿಯಾಕ್ಸಮಿನ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಉಬ್ಬಸದ ಸಾಲ್ಬುಟಮಾಲ್ ಇದ್ದವು. ಯಾರ ಔಷಧಗಳಿವು ಎಂದು ಗಮನಿಸಿ: ವಯಸ್ಸಾದವರದು, ಅಂಗವೈಕಲ್ಯ ಇರುವವರದು. ಅಗ್ಗದ ಹಳೆಯ ಔಷಧ ಅಂಗಡಿಯಿಂದ ಮಾಯವಾದರೆ ಮೊದಲು ನೋಯುವವರು ಅವರೇ. ಆದ್ದರಿಂದ ಈ ಏರಿಕೆಯನ್ನು ಕಂಪನಿಗೆ ಶರಣಾದದ್ದು ಎಂದು ತಳ್ಳಿಹಾಕುವುದು ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ.

ಔಷಧದ ‘ಮೌಲ್ಯ’ ಅಳೆಯುವಾಗ

ಕೆಲವು ದೇಶಗಳು ದರ ನಿಗದಿಗೆ ಬಳಸುವ ಒಂದು ಅಳತೆ, ಗುಣಮಟ್ಟಕ್ಕೆ ಹೊಂದಿಸಿದ ಆಯುಷ್ಯದ ವರ್ಷ. ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ ಒಂದು ಅಂಕ, ಕಾಯಿಲೆ ಅಥವಾ ಅಂಗವೈಕಲ್ಯದೊಂದಿಗೆ ಬದುಕಿದ ವರ್ಷಕ್ಕೆ ಅದಕ್ಕಿಂತ ಕಡಿಮೆ. ಗಾಲಿಕುರ್ಚಿಯಲ್ಲಿರುವವರ ಆಯುಷ್ಯವನ್ನು ಒಂದು ವರ್ಷ ಹೆಚ್ಚಿಸಿದ ಔಷಧಕ್ಕೆ ಈ ಲೆಕ್ಕದಲ್ಲಿ ಕಡಿಮೆ ಬೆಲೆ ಬೀಳುತ್ತದೆ. ಅಂಗವಿಕಲರ ಸಂಘಟನೆಗಳು ಇದನ್ನು ವಿರೋಧಿಸುತ್ತ ಬಂದಿವೆ. ಅಮೆರಿಕದ 2022ರ ಕಾಯ್ದೆಯಲ್ಲಿ ದರದ ಮಾತುಕತೆಗೆ ಕೂತಾಗ ವೃದ್ಧರ, ಅಂಗವಿಕಲರ, ಸಾವಿನಂಚಿನಲ್ಲಿರುವವರ ಆಯುಷ್ಯ ವಿಸ್ತರಣೆಯನ್ನು ಕಡಿಮೆ ಮೌಲ್ಯದ್ದೆಂದು ಪರಿಗಣಿಸುವ ಸಾಕ್ಷ್ಯ ಬಳಸಬಾರದು ಎಂದೇ ಬರೆದಿದೆ. ಬೆಲೆ ಇಳಿಸುವ ನೀತಿಯಲ್ಲೂ ತಾರತಮ್ಯ ಹೊಕ್ಕಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಕೊನೆಗೆ ಜಾರಿಯ ಬಗ್ಗೆ. ಮಿತಿಗಿಂತ ಹೆಚ್ಚು ಬೆಲೆಗೆ ಮಾರಿದ ಕಂಪನಿಯಿಂದ ಪ್ರಾಧಿಕಾರ ಆ ಹೆಚ್ಚುವರಿ ಹಣವನ್ನು ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಅದು ಸೇರುವುದು ಸರ್ಕಾರದ ಖಜಾನೆಗೆ. ಹೆಚ್ಚು ಕೊಟ್ಟು ಕೊಂಡ ರೋಗಿಗೆ ಮರಳುವುದಿಲ್ಲ. ಹತ್ತು ರೂಪಾಯಿಗೆ ರಸೀದಿ ಇಟ್ಟುಕೊಳ್ಳುವವರು ಕಡಿಮೆ, ಹಂಚುವುದು ಕಷ್ಟ ಎಂಬ ವಾದ ಅರ್ಥವಾಗುತ್ತದೆ. ಆದರೆ ಹಾಗೆ ವಸೂಲಾದ ಹಣವನ್ನು ಕನಿಷ್ಠ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೂ ಅಂಗವಿಕಲರಿಗೂ ಉಚಿತ ಮಾತ್ರೆ ಕೊಡಲು ಮೀಸಲಿಡಬೇಕು ಎಂದು ನಿಮ್ಮ ಉತ್ತರದಲ್ಲಿ ಧೈರ್ಯವಾಗಿ ಬರೆಯಿರಿ.